ಎಐ ಮಾರ್ಗದರ್ಶಿ ತಂಡದ ಯಶೋಗಾಥೆ

ಕಚೇರಿಯೊಂದು ಕೃತಕ ಬುದ್ಧಿಮತ್ತೆಯನ್ನು (ಎಐ) ಅಳವಡಿಸಿಕೊಳ್ಳಲು ಮನಸ್ಸು ಮಾಡಿದೆ ಎಂಬುದಕ್ಕೆ ಮೊದಲ ಪುರಾವೆ, ಅದನ್ನು ಯಾರೂ ಬಳಸಕೂಡದು ಎಂದು ಅಲ್ಲಿಂದ ಹೊರಡುವ ಸುತ್ತೋಲೆ. ಎರಡನೆಯ ಪುರಾವೆ ಅದೇ ಸುತ್ತೋಲೆಯ ಕೊನೆಯ ಪರಿಚ್ಛೇದದಲ್ಲಿರುತ್ತದೆ: ಈ ವಿಷಯದಲ್ಲಿ ಸಿಬ್ಬಂದಿಗೆ ಸೂಕ್ತ ಮಾರ್ಗದರ್ಶನ ನೀಡುವ ಸಲುವಾಗಿ ಎಲ್ಲ ವಿಭಾಗಗಳ ಪ್ರತಿನಿಧಿಗಳನ್ನೊಳಗೊಂಡ ತಂಡವೊಂದನ್ನು ಶೀಘ್ರದಲ್ಲೇ ರಚಿಸಲಾಗುವುದು, ಅಲ್ಲಿಯವರೆಗೆ ಎಲ್ಲರೂ ಸಹಕರಿಸಬೇಕಾಗಿ ಕೋರಲಾಗಿದೆ. ಕೇಳಿದ್ದಕ್ಕೆ ಬರೆದು ಉತ್ತರಿಸುವ ಎಐ ಚಾಟ್‌ಬಾಟ್ ಆದ ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಸಿಕ್ಕಿದ್ದು 2022ರ ನವೆಂಬರ್ 30ರಂದು. ಪತ್ರದ ಕರಡು ಬರೆಯಬೇಕಾದವರು, ಗ್ರಾಹಕರ ದೂರಿಗೆ ಉತ್ತರಿಸಬೇಕಾದವರು, ಅರ್ಥವಾಗದ ಲೆಕ್ಕದ ಹಾಳೆಯ ಮುಂದೆ ಕುಳಿತವರು ಅದನ್ನು ತಮ್ಮ ತಮ್ಮ ಮೊಬೈಲಿನಲ್ಲಿ ಬಳಸತೊಡಗಲು ಯಾರ ಮಾರ್ಗದರ್ಶನವೂ ಬೇಕಾಗಲಿಲ್ಲ. ಸುತ್ತೋಲೆ ಬಂದ ದಿನ ಅದನ್ನು ಪೂರ್ತಿ ಓದಲು ಪುರುಸೊತ್ತಿಲ್ಲದ ಕೆಲವರು ಅದರ ಸಾರಾಂಶವನ್ನೂ ಚಾಟ್‌ಜಿಪಿಟಿಯಿಂದಲೇ ಬರೆಸಿಕೊಂಡರು. ಸಾರಾಂಶ ಚೆನ್ನಾಗಿತ್ತು ಎಂದೇ ಕೇಳಿದ್ದೇವೆ.

ಇಂಥ ತಂಡವೇ ಅನಗತ್ಯ ಎಂದು ವಾದಿಸುವುದು ಈ ಲೇಖನದ ಉದ್ದೇಶವಲ್ಲ. ಸ್ಯಾಮ್‌ಸಂಗ್ ಕಂಪನಿಯ ಎಂಜಿನಿಯರುಗಳು ಕಂಪನಿಯೊಳಗಿನ ಸೋರ್ಸ್ ಕೋಡನ್ನು, ಅಂದರೆ ತಂತ್ರಾಂಶದ ಮೂಲ ಬರಹವನ್ನು, ಚಾಟ್‌ಬಾಟಿಗೆ ಅಂಟಿಸಿದ ಸಂಗತಿ ಹೊರಬಿದ್ದ ಮೇಲೆ, 2023ರ ಮೇ ತಿಂಗಳಲ್ಲಿ ಆ ಕಂಪನಿ ತನ್ನ ಸಾಧನಗಳಲ್ಲಿ ಇಂಥ ಉಪಕರಣಗಳನ್ನೇ ನಿಷೇಧಿಸಿತು. ಮರುತಿಂಗಳು ನ್ಯೂಯಾರ್ಕಿನ ನ್ಯಾಯಾಲಯವೊಂದು, ಎಐ ಹೆಣೆದುಕೊಟ್ಟ, ಎಂದೂ ನಡೆಯದ ಮೊಕದ್ದಮೆಗಳ ತೀರ್ಪುಗಳನ್ನು ತಮ್ಮ ಅರ್ಜಿಯಲ್ಲಿ ಉಲ್ಲೇಖಿಸಿದ್ದ ವಕೀಲರಿಗೆ 5,000 ಡಾಲರ್ ದಂಡ ವಿಧಿಸಿತು. ಇವೆರಡಕ್ಕೂ ಬಹಳ ಮೊದಲೇ ಅಮೆಜಾನ್ ಕಂಪನಿ, ನೌಕರಿಯ ಅರ್ಜಿಗಳನ್ನು ಜರಡಿ ಹಿಡಿಯಲೆಂದು ತಯಾರಿಸುತ್ತಿದ್ದ ತಂತ್ರಾಂಶವು ಹೆಂಗಸರ ಅರ್ಜಿಗಳನ್ನು ಕೆಳಗೆ ತಳ್ಳುತ್ತಿದೆ ಎಂದು ಕಂಡು ಅದನ್ನು ಕೈಬಿಟ್ಟಿತ್ತು. ಆ ಸುದ್ದಿ 2018ರಲ್ಲಿ ಜಗಜ್ಜಾಹೀರಾಯಿತು. ಇಷ್ಟಾದ ಮೇಲೂ ಬೇರೆ ಬೇರೆ ವಿಭಾಗಗಳ ನಾಲ್ಕು ಜನ ಒಂದೆಡೆ ಕುಳಿತು ಯೋಚಿಸುವುದು ಬೇಡ ಎನ್ನಲಾದೀತೆ? ನಮ್ಮ ಕುತೂಹಲವೆಲ್ಲ ಆ ನಾಲ್ವರು ಯಾರು ಮತ್ತು ಅವರು ಕುಳಿತು ಏನು ಮಾಡುತ್ತಾರೆ ಎಂಬುದರ ಬಗ್ಗೆ.

ಸದಸ್ಯರ ಆಯ್ಕೆಯ ಮಾನದಂಡ ಸರಳವಾಗಿದೆ. ವಿಭಾಗದಲ್ಲಿ ಇಲ್ಲದಿದ್ದರೂ ಕೆಲಸ ನಿಲ್ಲದಂಥ ಒಬ್ಬರನ್ನು ಪ್ರತಿಯೊಂದು ವಿಭಾಗವೂ ಕಳುಹಿಸಿಕೊಡುತ್ತದೆ. ಕಾನೂನು ವಿಭಾಗದವರು ಎಲ್ಲದರಲ್ಲೂ ಅಪಾಯವಿದೆ ಎಂದು ಹೇಳಲು ಬರುತ್ತಾರೆ. ಆ ಮಾತು ಸುಳ್ಳಾಗುವ ಪ್ರಮೇಯವೇ ಇಲ್ಲದಿರುವುದರಿಂದ ಅವರ ಗೌರವ ಸಭೆಯಿಂದ ಸಭೆಗೆ ಹೆಚ್ಚುತ್ತದೆ. ಐಟಿ ಭದ್ರತೆಯವರು ಡೇಟಾ ಹೊರಗೆ ಹೋಗಕೂಡದು ಎನ್ನುತ್ತಾರೆ. ಹಣಕಾಸಿನವರು ತಲೆಗೊಂದು ಲೈಸೆನ್ಸಿನ ಬೆಲೆಯನ್ನು ಒಟ್ಟು ತಲೆಗಳಿಂದ ಗುಣಿಸಿ, ಬಂದ ಮೊತ್ತವನ್ನು ನೋಡಿ, ತಲೆಗಳನ್ನು ಕಡಿಮೆ ಮಾಡುವ ಸಾಧ್ಯತೆಯ ಬಗ್ಗೆ ವಿಚಾರಿಸುತ್ತಾರೆ. ಮಾನವ ಸಂಪನ್ಮೂಲದವರು ಆ ಪ್ರಶ್ನೆ ನಡಾವಳಿಯಲ್ಲಿ ದಾಖಲಾಗದಂತೆ ನೋಡಿಕೊಂಡು, ಅದರ ಜಾಗದಲ್ಲಿ 'ಸಾಮರ್ಥ್ಯ ವರ್ಧನೆಗೆ ಇರುವ ಅವಕಾಶಗಳ ಕುರಿತು ಚರ್ಚಿಸಲಾಯಿತು' ಎಂದು ಬರೆಸುತ್ತಾರೆ. ಮಾರುಕಟ್ಟೆ ವಿಭಾಗದ ಪ್ರತಿನಿಧಿ ಮಾತ್ರ ಸ್ವಲ್ಪ ತಡವಾಗಿ ಬರುತ್ತಾರೆ, ಏಕೆಂದರೆ ಸಂಸ್ಥೆಯು ಈಗಾಗಲೇ ಸಂಪೂರ್ಣವಾಗಿ ಎಐ ಆಧಾರಿತವಾಗಿದೆ ಎಂಬ ಪತ್ರಿಕಾ ಪ್ರಕಟಣೆಯನ್ನು ಬಿಡುಗಡೆ ಮಾಡಿಯೇ ಅವರು ಬರಬೇಕಾಗಿರುತ್ತದೆ.

ದೂರುಗಳಿಗೆ ದಿನವಿಡೀ ಉತ್ತರ ಬರೆಯುವ ನೌಕರರನ್ನು ತಂಡಕ್ಕೆ ಸೇರಿಸಿಕೊಳ್ಳಬಹುದಲ್ಲವೇ ಎಂದು ಕೇಳುವ ಒಬ್ಬ ಅನನುಭವಿ ಎಲ್ಲ ಸಂಸ್ಥೆಗಳಲ್ಲೂ ಇರುತ್ತಾನೆ. ಯಾವ ಪತ್ರ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಚಾಟ್‌ಬಾಟ್ ಯಾವ ಬಗೆಯ ಪ್ರಶ್ನೆಗೆ ಸರಾಗವಾಗಿ ಸುಳ್ಳು ಹೇಳುತ್ತದೆ, ಯಾವುದನ್ನು ನಂಬಬಹುದು ಎಂಬುದೆಲ್ಲ ಆ ನೌಕರರಿಗೆ ಗೊತ್ತಿರುತ್ತದೆ, ನಿಜ. ಆದರೆ ಅವರು ಸಭೆಗೆ ಬಂದರೆ ದೂರುಗಳಿಗೆ ಉತ್ತರಿಸುವವರು ಯಾರು? ಅಲ್ಲದೆ ಅದೆಲ್ಲ ಹೇಗೆ ಗೊತ್ತಾಯಿತು ಎಂದು ಕೇಳಿದರೆ, ಸುತ್ತೋಲೆಯನ್ನು ಉಲ್ಲಂಘಿಸಿದ್ದನ್ನು ಅವರು ಒಪ್ಪಿಕೊಳ್ಳಬೇಕಾಗುತ್ತದೆ. ಹೀಗಾಗಿ ತಿಳಿದವರು ತಂಡದ ಹೊರಗೂ, ತಿಳಿಯಬೇಕಾದವರು ಒಳಗೂ ಉಳಿಯುವ ವ್ಯವಸ್ಥೆಯೇ ಎಲ್ಲರಿಗೂ ಕ್ಷೇಮಕರವೆಂದು ತೀರ್ಮಾನವಾಗುತ್ತದೆ.

ಮೊದಲ ಕೆಲವು ಸಭೆಗಳು ಎಐ ಎಂದರೆ ಏನು ಎಂಬುದನ್ನು ನಿರ್ಧರಿಸಲು ಮೀಸಲು. ಇದು ನೋಡಿದಷ್ಟು ಸುಲಭವಲ್ಲ. ಇಮೇಲಿನಲ್ಲಿ ಬೇಡದ ಪತ್ರಗಳನ್ನು ಬೇರ್ಪಡಿಸುವ ಸ್ಪ್ಯಾಮ್ ಜರಡಿಯೂ ಉದಾಹರಣೆಗಳಿಂದ ತಾನೇ ಕಲಿಯುವ ಎಐ ವಿಧಾನವಾದ ಯಂತ್ರಕಲಿಕೆಯಿಂದಲೇ ನಡೆಯುತ್ತದೆ, ಅದು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಕಚೇರಿಗಳಲ್ಲಿ ಬಳಕೆಯಲ್ಲಿದೆ ಎಂಬ ಸತ್ಯ ಯಾರೋ ಒಬ್ಬರ ಬಾಯಿಂದ ಹೊರಬಿದ್ದ ಕೂಡಲೇ ಸಭೆ ಸ್ತಬ್ಧವಾಗುತ್ತದೆ. ಅನುಮೋದನೆಯಿಲ್ಲದ ಉಪಕರಣಗಳ ಪಟ್ಟಿಯಲ್ಲಿ ಅದರ ಹೆಸರನ್ನು ಮೊದಲನೆಯದಾಗಿ ಸೇರಿಸಿ, ಉಪಸಮಿತಿಯ ವರದಿ ಬರುವವರೆಗೆ ಅದನ್ನು ಸ್ಥಗಿತಗೊಳಿಸಲಾಗುತ್ತದೆ. ಅನಂತರ ತಿಳಿದುಬರುವ ಸಂಗತಿಯೆಂದರೆ, ತಂಡವು ಅಷ್ಟೂ ದಿನ ಸಿಬ್ಬಂದಿಗೆ ಕಳುಹಿಸಿದ ಪ್ರಕಟಣೆಗಳನ್ನೆಲ್ಲ ಆ ಜರಡಿ ಸ್ಪ್ಯಾಮ್ ಎಂದೇ ವಿಂಗಡಿಸಿತ್ತು. ಯಂತ್ರದ ವಿವೇಚನಾಶಕ್ತಿಯ ಬಗ್ಗೆ ಇದಕ್ಕಿಂತ ಒಳ್ಳೆಯ ಪ್ರಮಾಣಪತ್ರ ಸಿಗುವುದು ಕಷ್ಟವಾದರೂ, ನಡಾವಳಿಯಲ್ಲಿ ಅದರ ಪ್ರಸ್ತಾಪವಿಲ್ಲ.

ವ್ಯಾಖ್ಯೆ ಕೈಗೆ ಸಿಗದಿದ್ದಾಗ ಸಲಹಾ ಸಂಸ್ಥೆಯೊಂದು ಬಾಗಿಲಲ್ಲಿ ನಿಂತಿರುತ್ತದೆ. ಅಮೆರಿಕದ ಮಾನದಂಡಗಳ ಸಂಸ್ಥೆಯಾದ ನಿಸ್ಟ್ 2023ರ ಜನವರಿಯಲ್ಲಿ ಎಐ ಅಪಾಯ ನಿರ್ವಹಣೆಗೆಂದು ಪ್ರಕಟಿಸಿದ, ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಚೌಕಟ್ಟು ಆಡಳಿತ, ಗುರುತಿಸುವಿಕೆ, ಅಳತೆ, ನಿರ್ವಹಣೆ ಎಂಬ ನಾಲ್ಕು ಕೆಲಸಗಳನ್ನು ಹೇಳುತ್ತದೆ. ಸಲಹೆಗಾರರು ಅವನ್ನು ನಾಲ್ಕು ಬಣ್ಣಗಳಲ್ಲಿ ಚಿತ್ರಿಸಿ ಶುಲ್ಕ ಪಡೆಯುತ್ತಾರೆ, ಮತ್ತು ತಂಡವು ಮೊದಲನೆಯ ಬಣ್ಣದಲ್ಲೇ ತೃಪ್ತಿ ಹೊಂದುತ್ತದೆ. ಸಲಹೆಗಾರರೇ ಎಐ ಬಳಸಿ ವರದಿ ಬರೆದರೆ ಏನಾಗುತ್ತದೆ ಎಂಬುದಕ್ಕೂ ಈಗ ಉದಾಹರಣೆಯಿದೆ. ಆಸ್ಟ್ರೇಲಿಯಾ ಸರ್ಕಾರಕ್ಕೆ ಡೆಲಾಯ್ಟ್ ಎಂಬ ಸಲಹಾ ಸಂಸ್ಥೆ ಸುಮಾರು 4,40,000 ಆಸ್ಟ್ರೇಲಿಯನ್ ಡಾಲರಿಗೆ ತಯಾರಿಸಿಕೊಟ್ಟ ವರದಿಯಲ್ಲಿ ಅಸ್ತಿತ್ವದಲ್ಲೇ ಇಲ್ಲದ ಆಕರಗಳು ಪತ್ತೆಯಾಗಿ, 2025ರಲ್ಲಿ ಆ ಸಂಸ್ಥೆ ಶುಲ್ಕದ ಒಂದು ಭಾಗವನ್ನು ಹಿಂದಿರುಗಿಸಲು ಒಪ್ಪಬೇಕಾಯಿತು. ನಮ್ಮ ತಂಡಕ್ಕೆ ಅಂಥ ಭಯವಿಲ್ಲ. ವರದಿಯನ್ನು ಯಾರಾದರೂ ಓದಿದರೆ ತಾನೇ ತಪ್ಪು ಸಿಗುವುದು!

ಇಷ್ಟರಲ್ಲಿ ಆಡಳಿತ ಮಂಡಳಿಯಿಂದ ಏನಾದರೂ ಮಾಡಿ ತೋರಿಸಿ ಎಂಬ ಸೂಚನೆ ಬರುತ್ತದೆ. ಆಗ ಪ್ರಾಯೋಗಿಕ ಯೋಜನೆ ಹುಟ್ಟುತ್ತದೆ. ಪ್ರಾಯೋಗಿಕ ಯೋಜನೆಗೆ ಆರಿಸಿಕೊಳ್ಳುವ ಕೆಲಸವು ಕೆಟ್ಟರೂ ಯಾರಿಗೂ ಗೊತ್ತಾಗಬಾರದು, ಯಶಸ್ವಿಯಾದರೂ ಯಾರ ಕೆಲಸವೂ ಬದಲಾಗಬಾರದು. ಈ ಎರಡೂ ಷರತ್ತುಗಳನ್ನು ಪೂರೈಸುವ ಕೆಲಸ ಇಡೀ ಸಂಸ್ಥೆಯಲ್ಲಿ ಒಂದೇ ಒಂದಿರುತ್ತದೆ, ಅದು ತಂಡದ ಸಭೆಯ ನಡಾವಳಿಯ ಸಾರಾಂಶ ಬರೆಯುವುದು. ಯಂತ್ರವು ಎರಡು ಗಂಟೆಯ ಚರ್ಚೆಯನ್ನು ಆಲಿಸಿ, ಯಾವ ನಿರ್ಣಯವೂ ಆಗಿಲ್ಲ ಎಂದು ಒಂದು ಸಾಲಿನಲ್ಲಿ ಬರೆದುಕೊಟ್ಟಿತಂತೆ. ನಿಖರತೆ ಸಾಲದು ಎಂಬ ಕಾರಣ ನೀಡಿ ಅದನ್ನು ಮರುತರಬೇತಿಗೆ ಶಿಫಾರಸು ಮಾಡಲಾಯಿತು.

ಪ್ರಯೋಗ ಉಳಿದ ವಿಭಾಗಗಳಿಗೆ ಹರಡಿದಾಗ ಇನ್ನೊಂದು ವಿಚಿತ್ರ ಎದುರಾಗುತ್ತದೆ. ಮೊದಲು ಅರ್ಧ ದಿನ ಹಿಡಿಯುತ್ತಿದ್ದ ಟಿಪ್ಪಣಿ ಈಗ ಒಂದು ನಿಮಿಷದಲ್ಲಿ ಸಿದ್ಧವಾಗುತ್ತದೆ, ಸಿದ್ಧವಾಗಿ ಎಂದಿನಂತೆ ಏಳೆಂಟು ಮೇಜುಗಳ ಸಹಿಗಾಗಿ ಕಾಯುತ್ತದೆ. ಪ್ರತಿ ಮೇಜಿನವರೂ ಅದನ್ನು ಎಐನಿಂದ ಹಿಗ್ಗಿಸಿ ಮುಂದಕ್ಕೆ ಕಳುಹಿಸುತ್ತಾರೆ, ಮುಂದಿನವರು ಓದುವ ಮೊದಲು ಅದನ್ನು ಎಐನಿಂದ ಕುಗ್ಗಿಸಿಕೊಳ್ಳುತ್ತಾರೆ. ಇದಕ್ಕೆ ನೂರು ವರ್ಷಗಳಿಗೂ ಹಳೆಯದಾದ ಪೂರ್ವನಿದರ್ಶನವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾರ್ಖಾನೆಗಳಿಗೆ ವಿದ್ಯುತ್ ಬಂದಾಗ ಅನೇಕ ಮಾಲೀಕರು ಮಾಡಿದ್ದಿಷ್ಟೇ: ದೊಡ್ಡ ಉಗಿಯಂತ್ರವನ್ನು ಕಿತ್ತು ಅದರ ಜಾಗದಲ್ಲಿ ದೊಡ್ಡ ಮೋಟಾರನ್ನು ಕೂರಿಸಿದರು, ಚಾವಣಿಯುದ್ದಕ್ಕೂ ಇದ್ದ ಉಕ್ಕಿನ ದಂಡ, ಅದರಿಂದ ಒಂದೊಂದು ಯಂತ್ರಕ್ಕೂ ಇಳಿಬಿಟ್ಟ ಪಟ್ಟಿಗಳು ಹಾಗೆಯೇ ಉಳಿದವು. ಲಾಭ ಅಷ್ಟಕ್ಕಷ್ಟೇ ಆಯಿತು. ಒಂದೊಂದು ಯಂತ್ರಕ್ಕೂ ಅದರದೇ ಸಣ್ಣ ಮೋಟಾರನ್ನು ಜೋಡಿಸಿ, ಕೆಲಸ ಸಾಗುವ ಕ್ರಮಕ್ಕೆ ತಕ್ಕಂತೆ ಕಾರ್ಖಾನೆಯ ನೆಲವನ್ನೇ ಹೊಸದಾಗಿ ವಿನ್ಯಾಸ ಮಾಡಿದ ಮೇಲೆಯೇ ಉತ್ಪಾದಕತೆ ಜಿಗಿದದ್ದು, ಮತ್ತು ಅದು ನಡೆದದ್ದು 1920ರ ದಶಕದಲ್ಲಿ. ಏಳೆಂಟು ಮೇಜುಗಳಲ್ಲಿ ಯಾವುದು ಬೇಡ ಎಂದು ಹೇಳಬಲ್ಲ ತಂಡ ನಿಜವಾಗಿಯೂ ಉಪಯೋಗಕ್ಕೆ ಬರುತ್ತಿತ್ತು. ದುರದೃಷ್ಟವಶಾತ್ ತಂಡದ ಸದಸ್ಯರೆಲ್ಲರೂ ಆ ಮೇಜುಗಳಿಂದಲೇ ಬಂದವರು.

ಅಳತೆಯ ವಿಷಯಕ್ಕೆ ಬಂದರೆ ತಂಡದ ಸಾಧನೆ ನಿರ್ವಿವಾದ. ಒಂದು ದೂರಿಗೆ ಉತ್ತರಿಸಲು ಮೊದಲು ಎಷ್ಟು ಹೊತ್ತು ಬೇಕಾಗುತ್ತಿತ್ತು ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲವಾದ್ದರಿಂದ, ಈಗ ಎಷ್ಟು ಉಳಿತಾಯವಾಯಿತು ಎಂಬುದನ್ನು ಸದಸ್ಯರೇ ಒಮ್ಮತದಿಂದ ನಿರ್ಧರಿಸುತ್ತಾರೆ. ಕೊಂಡ ಲೈಸೆನ್ಸುಗಳ ಸಂಖ್ಯೆಯನ್ನು ಅಳವಡಿಕೆ ಎಂದೂ, ವಿಡಿಯೊ ನೋಡಿದವರ ಸಂಖ್ಯೆಯನ್ನು ಸಾಕ್ಷರತೆ ಎಂದೂ ದಾಖಲಿಸಲಾಗುತ್ತದೆ. ಐರೋಪ್ಯ ಒಕ್ಕೂಟದ ಎಐ ಕಾಯಿದೆಯು ಎಐ ಬಳಸುವ ಸಂಸ್ಥೆಗಳು ತಮ್ಮ ಸಿಬ್ಬಂದಿಗೆ ಅದರ ಬಗ್ಗೆ ಸಾಕಷ್ಟು ತಿಳಿವಳಿಕೆ ಇರುವಂತೆ ನೋಡಿಕೊಳ್ಳಬೇಕು ಎಂಬ ನಿಯಮವನ್ನು 2025ರ ಫೆಬ್ರುವರಿ 2ರಿಂದ ಜಾರಿಗೆ ತಂದಿತು. ಒಕ್ಕೂಟದ ವ್ಯಾಪ್ತಿಗೆ ಬಾರದ ಸಂಸ್ಥೆಗಳೂ ಆ ಮಾತನ್ನು ತಮ್ಮ ಸ್ಲೈಡುಗಳಲ್ಲಿ ಭಕ್ತಿಯಿಂದ ಬರೆದುಕೊಂಡಿವೆ. ತಿಳಿವಳಿಕೆ ಮೂಡಿತೋ ಇಲ್ಲವೋ ಎಂಬುದನ್ನು ವಿಡಿಯೊದ ಕೊನೆಯ ಹತ್ತು ಪ್ರಶ್ನೆಗಳು ಪರೀಕ್ಷಿಸುತ್ತವೆ. ಉತ್ತರಗಳನ್ನು ಚಾಟ್‌ಬಾಟ್ ಹೇಳಿಕೊಡುತ್ತದೆ.

ಹೊಣೆಯ ಪ್ರಶ್ನೆಯನ್ನು ಮಾತ್ರ ತಂಡ ಅತ್ಯಂತ ಶ್ರದ್ಧೆಯಿಂದ ಚರ್ಚಿಸಿದೆ, ಮತ್ತು ನಮ್ಮ ಅಭಿಪ್ರಾಯದಲ್ಲಿ ಅದು ಹುಟ್ಟಿದ್ದೇ ಅದಕ್ಕಾಗಿ. ಯಾರು ಮಾಡಬೇಕು, ಯಾರು ಉತ್ತರ ಹೇಳಬೇಕು, ಯಾರನ್ನು ಕೇಳಬೇಕು, ಯಾರಿಗೆ ತಿಳಿಸಬೇಕು ಎಂಬ ನಾಲ್ಕು ಅಂಕಣಗಳ ಕೋಷ್ಟಕವೊಂದು ಇಂಥ ತಂಡಗಳಲ್ಲೆಲ್ಲ ಇರುತ್ತದೆ. ಕೇಳಬೇಕಾದವರ ಅಂಕಣದಲ್ಲಿ ತಮ್ಮ ಹೆಸರಿರಲಿ ಎಂದು ಎಲ್ಲರೂ ಒತ್ತಾಯಿಸಿದ್ದಾರೆ, ತಿಳಿಸಬೇಕಾದವರ ಅಂಕಣ ಹಾಳೆಯ ಅಂಚು ದಾಟಿದೆ, ಉತ್ತರ ಹೇಳಬೇಕಾದವರ ಅಂಕಣದಲ್ಲಿ 'ತಂಡ' ಎಂದಿದೆ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತನಾಡುವ ಕಲೆಯಲ್ಲಿ ಸಮಿತಿಗೂ ಚಾಟ್‌ಬಾಟಿಗೂ ಅಂಥ ವ್ಯತ್ಯಾಸವಿಲ್ಲ. ಎರಡೂ ಆತ್ಮವಿಶ್ವಾಸದಿಂದ ವಾಕ್ಯ ರಚಿಸುತ್ತವೆ, ಎರಡನ್ನೂ ಕಟಕಟೆಗೆ ಕರೆಯಲಾಗುವುದಿಲ್ಲ. ಏರ್ ಕೆನಡಾ ವಿಮಾನ ಸಂಸ್ಥೆಗೆ ಈ ಹೋಲಿಕೆ ಮೊದಲೇ ಹೊಳೆದಿರಬೇಕು. ಬಂಧುವಿನ ಸಾವಿನ ಕಾರಣಕ್ಕೆ ಪ್ರಯಾಣಿಸಿದವರಿಗೆ ಸಿಗುವ ರಿಯಾಯಿತಿಯ ಬಗ್ಗೆ ಅದರ ಚಾಟ್‌ಬಾಟ್ ಪ್ರಯಾಣಿಕರೊಬ್ಬರಿಗೆ ತಪ್ಪು ಮಾಹಿತಿ ಕೊಟ್ಟು, ವಿಷಯ ನ್ಯಾಯಮಂಡಳಿಯ ಮೆಟ್ಟಿಲೇರಿದಾಗ, ಚಾಟ್‌ಬಾಟ್ ಮಾಡಿದ್ದಕ್ಕೆ ತಾನು ಜವಾಬ್ದಾರನಲ್ಲ ಎಂದು ಸಂಸ್ಥೆ ವಾದಿಸಿತು. ಹಾಗಾದರೆ ಅದು ಬೇರೆಯೇ ಒಂದು ಕಾನೂನುಬದ್ಧ ವ್ಯಕ್ತಿಯೇ ಎಂದು ಅಚ್ಚರಿಪಟ್ಟ ಮಂಡಳಿ 2024ರ ಫೆಬ್ರುವರಿಯಲ್ಲಿ ಆ ವಾದವನ್ನು ತಳ್ಳಿಹಾಕಿ, ಸುಮಾರು 812 ಕೆನಡಾ ಡಾಲರುಗಳನ್ನು ಪ್ರಯಾಣಿಕರಿಗೆ ಕೊಡಿಸಿತು.

ಈ ತೀರ್ಪನ್ನು ಕಾನೂನು ವಿಭಾಗದವರು ಸಭೆಯಲ್ಲಿ ಓದಿಹೇಳಿದ ದಿನ ತಂಡದಲ್ಲಿ ಹಿಂದೆಂದೂ ಕಾಣದ ಚುರುಕು ಕಂಡುಬಂತು. ಯಂತ್ರದ ಮೇಲೆ ಹೊಣೆ ಹೊರಿಸುವಂತಿಲ್ಲ, ಸಂಸ್ಥೆಯ ಮೇಲೆ ಬರಕೂಡದು, ತಂಡದ ಮೇಲಂತೂ ಬರುವ ಪ್ರಶ್ನೆಯೇ ಇಲ್ಲ ಎಂದ ಮೇಲೆ ಉಳಿದವರು ಯಾರು ಎಂಬುದು ಒಂದೇ ಬೈಠಕ್ಕಿನಲ್ಲಿ ಇತ್ಯರ್ಥವಾಯಿತು. ಬಹುಕಾಲದಿಂದ ಕರಡಿನ ಹಂತದಲ್ಲಿದ್ದ ನೀತಿ ಮರುವಾರವೇ ಪ್ರಕಟವಾಗಿದೆ. ಅದರ ಅನೇಕ ಪುಟಗಳಲ್ಲಿ ಸಂದಿಗ್ಧತೆಯಿಲ್ಲದೆ ಬರೆದಿರುವ ವಾಕ್ಯ ಒಂದೇ: ಎಐ ನೀಡಿದ ಉತ್ತರವನ್ನು ಪರಿಶೀಲಿಸುವ ಮತ್ತು ಅದರಲ್ಲಿ ತಪ್ಪಿದ್ದರೆ ಪರಿಣಾಮ ಎದುರಿಸುವ ಸಂಪೂರ್ಣ ಜವಾಬ್ದಾರಿ ಅದನ್ನು ಬಳಸಿದ ನೌಕರರದೇ ಆಗಿರುತ್ತದೆ. ಪರಿಶೀಲಿಸಲು ಬೇಕಾಗುವ ಸಮಯದ ಬಗ್ಗೆ ನೀತಿ ಏನನ್ನೂ ಹೇಳುವುದಿಲ್ಲ. ಎಐ ಬಂದಿರುವುದರಿಂದ ದಿನಕ್ಕೆ ಉತ್ತರಿಸಬೇಕಾದ ದೂರುಗಳ ಸಂಖ್ಯೆಯನ್ನು ದುಪ್ಪಟ್ಟು ಮಾಡಲಾಗಿದೆ ಎಂಬ ಸೂಚನೆ ಪ್ರತ್ಯೇಕ ಸುತ್ತೋಲೆಯಲ್ಲಿ ಬಂದಿದೆ. ಎರಡನ್ನೂ ಓದಿ ಅರ್ಥಮಾಡಿಕೊಂಡಿದ್ದೇನೆ ಎಂದು ಸಿಬ್ಬಂದಿಯೆಲ್ಲರೂ ಇಂದು ಸಂಜೆಯೊಳಗೆ ಸಹಿ ಮಾಡತಕ್ಕದ್ದು.