ಪಾಪನಿವೇದನೆಗೆ ಓದಿಕೊಂಡ ಗುರುಗಳನ್ನು ಹುಡುಕಿ

ಅಪ್ಪ ತೀರಿಕೊಂಡ ಮೇಲೆ ಮಂಡ್ಯದ ಬಳಿಯ ನಮ್ಮ ಕಬ್ಬಿನ ಗದ್ದೆಗೆ ತಂಗಿಯಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡೆ. ಅವಳು ಮರುಮಾತಿಲ್ಲದೆ ಸಹಿ ಹಾಕಿದಳು, ಆದರೂ ನನ್ನ ಮನಸ್ಸು ಚುಚ್ಚುತ್ತಲೇ ಇತ್ತು. ಪರಿಚಯದ ಕ್ಯಾಥೊಲಿಕ್ ಗುರುಗಳೊಬ್ಬರಲ್ಲಿ (ಪಾದ್ರಿ) ಹೇಳಿಕೊಂಡಾಗ, "ಕಾಗದ ಸರಿಯಾಗಿದೆಯಲ್ಲ, ಪ್ರಾರ್ಥನೆ ಮಾಡಿ" ಎಂದು ಬೆನ್ನು ತಟ್ಟಿ ಕಳಿಸಿದರು. ಪ್ರಾರ್ಥಿಸಿದೆ, ಸಮಾಧಾನ ಸಿಗಲಿಲ್ಲ.

ಮುಂದಿನ ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಮೈಸೂರಿನ ವಯಸ್ಸಾದ ಗುರುಗಳೊಬ್ಬರ ಬಳಿ ಪಾಪನಿವೇದನೆಗೆ, ಅಂದರೆ ಪಾಪಗಳನ್ನು ಹೇಳಿಕೊಂಡು ಕ್ಷಮೆ ಪಡೆಯಲು ಹೋದೆ. ಅವರು ಮೊದಲು ಕೇಳಿದ್ದು, ತನ್ನ ಪಾಲು ಎಷ್ಟೆಂದು ತಿಳಿದೇ ಆಕೆ ಸಹಿ ಹಾಕಿದಳೇ ಎಂದು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಕ್ರೈಸ್ತರಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂಬುದನ್ನು ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಮಾಡಿದ ಕೃತ್ಯ, ಅದರ ಉದ್ದೇಶ, ಆಗಿನ ಸಂದರ್ಭ ಈ ಮೂರನ್ನೂ ತೂಗಿ ನೋಡುವುದು ಧರ್ಮಸಭೆಯ (ಕ್ಯಾಥೊಲಿಕ್ ಚರ್ಚ್) ನೀತಿಶಾಸ್ತ್ರದ ಹಳೆಯ ಕ್ರಮ. ಪಾಪಕ್ಕೆ ಕ್ಷಮೆ ದೊರೆತರೂ ಅನ್ಯಾಯವಾಗಿ ಪಡೆದದ್ದನ್ನು ಹಿಂದಿರುಗಿಸುವ ಹೊಣೆ ತೀರುವುದಿಲ್ಲವೆಂಬುದೂ ಅದೇ ಶಾಸ್ತ್ರದ ಮಾತು. ಅವರು ದನಿ ಏರಿಸದೆ ಇಷ್ಟನ್ನೂ ವಿವರಿಸಿದರು.

ಈ ತೂಗುವಿಕೆ ಒಳ್ಳೆಯತನವೊಂದರಿಂದಲೇ ಬರುವುದಿಲ್ಲ. ಗುರುದೀಕ್ಷೆಗೆ ಮೊದಲು ಕನಿಷ್ಠ ಎರಡು ವರ್ಷ ತತ್ವಶಾಸ್ತ್ರ, ನಾಲ್ಕು ವರ್ಷ ದೈವಶಾಸ್ತ್ರ ಓದಬೇಕೆಂದು ಧರ್ಮಸಭೆಯ ಕಾನೂನು ವಿಧಿಸಿರುವುದು ಸುಮ್ಮನೆ ಅಲ್ಲ. ಆ ಓದನ್ನು ದೀಕ್ಷೆಯ ನಂತರವೂ ಬಿಡದವರು ಮಾತ್ರ ತಮ್ಮ ಅಭಿಪ್ರಾಯವನ್ನು ಬದಿಗಿಟ್ಟು ಪರಂಪರೆಯ ಬೋಧನೆಯನ್ನು ನಮ್ಮ ಮುಂದಿಡಬಲ್ಲರು. ಅರೆಬರೆ ಓದಿದ ಗುರುಗಳಿಂದ ತನ್ನ ಆತ್ಮಕ್ಕೆ ಬಹಳ ಹಾನಿಯಾಯಿತೆಂದು ಆವಿಲಾದ ಸಂತ ತೆರೇಸಾ 16ನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ.

ಹೀಗೆ ಪರಂಪರೆಯನ್ನು ಅನುಸರಿಸುವ ಗುರುಗಳೆಂದರೆ ಕಠೋರರು ಎಂದು ಹೆದರುವವರಿದ್ದಾರೆ. 1950ರಲ್ಲಿ ಪಾಪನಿವೇದನೆ ಕೇಳುವ ಗುರುಗಳ ಪಾಲಕ ಸಂತರೆಂದು ಘೋಷಿತರಾದ ಸಂತ ಅಲ್ಫೋನ್ಸ್ ಲಿಗೋರಿ ಮೊದಲು ನೇಪಲ್ಸ್‌ನಲ್ಲಿ ವಕೀಲರಾಗಿದ್ದವರು. ಅತಿ ಬಿಗಿ, ಅತಿ ಸಡಿಲ ಎರಡನ್ನೂ ಒಪ್ಪದವರು. ನಾನು ಕಂಡ ಗುರುಗಳೂ ಅದೇ ದಾರಿಯವರು. ನನ್ನ ಸಾಲದ ಸ್ಥಿತಿ ಕೇಳಿ, ಕಟಾವು ಮುಗಿಯುವವರೆಗೆ ಕಾಲಾವಕಾಶವನ್ನೂ ಕೊಟ್ಟರು.

ನಮ್ಮ ಧರ್ಮಕೇಂದ್ರದ ಫಾದರ್ ಬೇಸರಿಸಿಕೊಂಡಾರೆಂಬ ಅಳುಕು ನನಗೂ ಇತ್ತು. ಆದರೆ ಅಧಿಕಾರ ಪಡೆದ ಯಾವ ಗುರುವಿನ ಬಳಿಯಾದರೂ ಪಾಪನಿವೇದನೆ ಮಾಡುವ ಸ್ವಾತಂತ್ರ್ಯವನ್ನು 1983ರ ಧರ್ಮಸಭೆಯ ಕಾನೂನೇ ಕೊಟ್ಟಿದೆ.

ಈಗ ಪಹಣಿಯಲ್ಲಿ ತಂಗಿಯ ಹೆಸರಿದೆ. ಅವಳ ಪಾಲು ಹಿಂದಿರುಗಿಸಿದ ಪತ್ರ ಕೈಗೆ ಕೊಟ್ಟ ದಿನ ಅವಳು, "ಅಣ್ಣಾ, ನಾನೇನೂ ಕೇಳಿರಲಿಲ್ಲವಲ್ಲ" ಎಂದಳು. ಕೇಳಬೇಕಾದದ್ದನ್ನು ಅವಳ ಪರವಾಗಿ ಆ ಗುರುಗಳು ಕೇಳಿದ್ದರು.