ಸತ್ಯಾಂಶ: ಮೆಕ್ಸಿಕೋದ ‘ಸತ್ತವರ ದಿನ’ ದೆವ್ವಗಳ ಪೂಜೆಯಲ್ಲ

ಹೂವಿನ ನಡುವೆ ತಲೆಬುರುಡೆಗಳನ್ನು ಜೋಡಿಸಿಟ್ಟ ಚಿತ್ರ. ಕೆಳಗೆ ‘ಮೆಕ್ಸಿಕೋದಲ್ಲಿ ಮನೆಮನೆಯಲ್ಲೂ ದೆವ್ವದ ಪೂಜೆ, ಇದೇ ಅವರ ಹ್ಯಾಲೋವೀನ್’ ಎಂಬ ಬರಹ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಈ ಸಂದೇಶದ ಎರಡೂ ಮಾತು ತಪ್ಪು. ಹ್ಯಾಲೋವೀನ್ ಎಂದರೆ ಅಕ್ಟೋಬರ್ 31ರಂದು ದೆವ್ವ-ಭೂತಗಳ ವೇಷ ತೊಟ್ಟು ಆಚರಿಸುವ ಬೇರೆಯೇ ಹಬ್ಬ.

ಆ ಬುರುಡೆಗಳನ್ನು ಮಾಡುವುದು ಸಕ್ಕರೆಯಿಂದ. ತೀರಿಕೊಂಡ ಮನೆಯವರು ನವೆಂಬರ್ 1 ಮತ್ತು 2ರಂದು ಭೇಟಿಗೆ ಬರುತ್ತಾರೆಂಬುದು ಅಲ್ಲಿನ ನಂಬಿಕೆ. ಸಾಮಾನ್ಯವಾಗಿ ಮೊದಲ ದಿನ ತೀರಿಕೊಂಡ ಮಕ್ಕಳಿಗೆ, ಮರುದಿನ ದೊಡ್ಡವರಿಗೆ. ಮೇಜಿನ ಮೇಲೆ ಅವರ ಫೋಟೊ, ಮೇಣದಬತ್ತಿ, ಕೋಪಾಲ್ ಎಂಬ ಮರದ ಅಂಟಿನ ಧೂಪ, ದಣಿದು ಬಂದವರಿಗೆಂದು ಒಂದು ಲೋಟ ನೀರು, ಚಿಟಿಕೆ ಉಪ್ಪು, ಮೇಲೆ ಹಿಟ್ಟಿನಲ್ಲೇ ಮೂಳೆಯ ಆಕಾರ ಮಾಡಿ ಬೇಯಿಸಿದ ಸಿಹಿ ಬ್ರೆಡ್. ಅಜ್ಜನಿಗೆ ಸಿಗರೇಟಿನ ಚಟವಿದ್ದರೆ ಅದಕ್ಕೂ ಜಾಗವುಂಟು! ದಾರಿ ತೋರಲು ಚೆಂಡುಹೂವಿನ ಎಸಳು. (ನಾವು ದಸರೆಗೆ ರಾಶಿಗಟ್ಟಲೆ ಕೊಳ್ಳುವ ಚೆಂಡುಹೂವಿನ ತವರೂ ಆ ಕಡೆಯದೇ.) ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ನಮಗೆ ಇದರಲ್ಲಿ ಹೆದರುವಂಥದ್ದೇನಿದೆಯೋ ತಿಳಿಯದು.

ಮೂಲನಿವಾಸಿಗಳ ಆಚರಣೆ ಮತ್ತು ಕ್ಯಾಥೊಲಿಕರ ಸಂತರ, ಮೃತರ ಸ್ಮರಣೆಯ ದಿನಗಳು ಬೆರೆತು ಬಂದ ಪದ್ಧತಿಯಿದು. ಯುನೆಸ್ಕೊ 2008ರಲ್ಲಿ ಇದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ವಿಡಿಯೊಗಳಲ್ಲಿ ಕಾಣುವ ಮೆಕ್ಸಿಕೋ ನಗರದ ಭಾರೀ ಮೆರವಣಿಗೆ ಮಾತ್ರ ಹಳೆಯದಲ್ಲ, ಅದು ಶುರುವಾದದ್ದು 2016ರಲ್ಲಿ.