ಅವ್ವನ ಗಂಟನ್ನು ಕೇಳದೆ ಬಿಚ್ಚಬಾರದು

ಡಲ್ಲಾಸ್ ಹತ್ತಿರದ ನಮ್ಮ ಮನೆಗೆ ಎರಡು ಕಾರು ಹಿಡಿಯುವ ಗ್ಯಾರೇಜ್ ಇದೆ. ಆರು ವರ್ಷ ಅದರೊಳಗೆ ಒಂದು ಕಾರೂ ಹೋಗಿರಲಿಲ್ಲ. ಟೆಕ್ಸಾಸ್ ಬಿಸಿಲು ನಮ್ಮ ಗಂಗಾವತಿ ಬಿಸಿಲಿಗೆ ಏನೂ ಕಮ್ಮಿ ಇಲ್ಲ. ಆ ಬಿಸಿಲಲ್ಲಿ ಕಾರುಗಳು ಹೊರಗೆ ನಿಲ್ಲುತ್ತಿದ್ದವು, ಹಳೇ ಸಾಮಾನು ಒಳಗೆ ನೆರಳಲ್ಲಿ ಇರುತ್ತಿತ್ತು. ಊರಿಗೆ ಹೋಗಿ ಬಂದ ಹನ್ನೊಂದು ಸೂಟ್‌ಕೇಸ್, ಮಕ್ಕಳಿಗೆ ಚಿಕ್ಕದಾದ ಸೈಕಲ್‌ಗಳು, ಟಿವಿ ಬಂದಿದ್ದ ಖಾಲಿ ಡಬ್ಬ, ಯಾವುದೋ ಹಬ್ಬಕ್ಕೆ ತಂದ ದೀಪದ ಸರಗಳು. ಒಂದು ದಿನ ಹೆಂಡತಿ "ಇನ್ನು ಇದು ನಮ್ಮ ಕೈಲಿ ಆಗಲ್ಲ" ಅಂತ ಹೇಳಿ ಒಬ್ಬ ಹೋಮ್ ಆರ್ಗನೈಸರ್ ಅವರನ್ನು, ಅಂದರೆ ಮನೆಯ ಸಾಮಾನು ವಿಂಗಡಿಸಿ ಓರಣ ಮಾಡಲು ನೆರವಾಗುವವರನ್ನು, ಕರೆಸಿದಳು.

ಅಮೆರಿಕದಲ್ಲಿ ಇದು ಹೊಸ ಕಸುಬೇನಲ್ಲ. 1985ರಲ್ಲೇ ಇವರದೊಂದು ರಾಷ್ಟ್ರಮಟ್ಟದ ಸಂಘ ಶುರುವಾಗಿದೆ. ಸಾಮಾನ್ಯವಾಗಿ ಗಂಟೆ ಲೆಕ್ಕದಲ್ಲಿ ದುಡ್ಡು. ನಮ್ಮ ಹತ್ತಿರ ಗಂಟೆಗೆ 75 ಡಾಲರ್ ತೆಗೆದುಕೊಂಡರು. ಫೋನಿನಲ್ಲಿ ಹೇಳಿದಾಗ ಕೊಪ್ಪಳದಲ್ಲಿರುವ ಅಕ್ಕ "ಕಸಾ ಹೊಡಿಯಾಕ ಅಷ್ಟು ರೊಕ್ಕನಾ?" ಅಂದಳು.

ಅವರು ಕಸ ಹೊಡೆಯಲಿಲ್ಲ. ಮೊದಲು ಸುಮ್ಮನೆ ನಿಂತು ನೋಡಿದರು, ಏನನ್ನೂ ಮುಟ್ಟಲಿಲ್ಲ. ಈ ಜಾಗ ನಿಮಗೆ ಯಾತಕ್ಕೆ ಬೇಕು ಅಂತ ಕೇಳಿದರು. ಆಮೇಲೆ ಒಂದೊಂದು ಬಗೆಯ ಸಾಮಾನನ್ನು ಇಡೀ ಮನೆಯಿಂದ ಒಂದೇ ಕಡೆ ತರಿಸಿದರು. ಮೂಲೆ ಮೂಲೆಯಲ್ಲಿದ್ದ ಚಾರ್ಜರ್ ವೈರುಗಳು ಒಂದೇ ಟೇಬಲ್ ಮೇಲೆ ಬಿದ್ದಾಗ ಎಣಿಸಿದೆವು: 43. ನೋಡಿದ ಮೇಲೆ ಯಾರೂ ಏನೂ ಹೇಳಬೇಕಾಗಲಿಲ್ಲ. ನಾನು ಅದಾಗಲೇ ಅಂಗಡಿಯಿಂದ ದೊಡ್ಡ ದೊಡ್ಡ ಪ್ಲಾಸ್ಟಿಕ್ ಡಬ್ಬ ತಂದಿಟ್ಟಿದ್ದೆ. ಅವನ್ನು ಪಕ್ಕಕ್ಕಿಡಿ, ಏನು ಉಳಿಯುತ್ತೆ ಅಂತ ಗೊತ್ತಾದ ಮೇಲೆ ಡಬ್ಬದ ಮಾತು ಅಂದರು. ನಾಲ್ಕು ಗಂಟೆ ಕೆಲಸ ಆದಮೇಲೆ ನಿಲ್ಲಿಸಿಬಿಟ್ಟರು. ಬೇಕು, ಬೇಡ ಅಂತ ನೂರು ಸಲ ಯೋಚನೆ ಮಾಡಿದರೆ ತಲೆ ದಣಿಯುತ್ತೆ. ದಣಿದವರು ಎಲ್ಲವನ್ನೂ ಇಟ್ಟುಕೊಳ್ಳುತ್ತಾರೆ, ಇಲ್ಲವೇ ಎಲ್ಲವನ್ನೂ ಎಸೆಯುತ್ತಾರೆ.

ಎರಡನೇ ದಿನ ಒಂದು ಹಾರ್ಲಿಕ್ಸ್ ಬಾಟಲಿ ಸಿಕ್ಕಿತು. ಹಳೇ ಗಾಜಿನದು. ಅವ್ವ ಅದರಲ್ಲಿ ಶೇಂಗಾ ಚಟ್ನಿ ತುಂಬಿ, ಬಾಯಿಗೆ ಬಿಳಿ ಅರಿವೆ ಕಟ್ಟಿ, ನನ್ನ ಲುಂಗಿಯಲ್ಲಿ ಸುತ್ತಿ ಕಳಿಸಿದ್ದಳು. ಚಟ್ನಿ ಖಾಲಿಯಾಗಿ ಹತ್ತು ವರ್ಷವಾಗಿದೆ. ಆ ಅರಿವೆ ಇನ್ನೂ ಬಾಯಿಗೆ ಕಟ್ಟಿಕೊಂಡೇ ಇತ್ತು, ಎಣ್ಣೆ ಇಳಿದು ಹಳದಿಯಾಗಿತ್ತು. ಅವರು ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. ನಾನು ಮಾತಾಡಲಿಲ್ಲ, ಅವರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಇದು ಗ್ಯಾರೇಜಿನಲ್ಲಿ ಇರೋ ವಸ್ತು ಅಲ್ಲ ಅನ್ನಿಸುತ್ತೆ" ಅಂದರು. ಅಡುಗೆಮನೆಗೆ ಒಯ್ದು ಇಟ್ಟೆ.

ಅಲ್ಲಿ ನಿಂತಾಗ ನನಗೆ 2017ರ ಬೇಸಿಗೆ ನೆನಪಾಯಿತು.

ಆ ವರ್ಷ ರಜಕ್ಕೆ ಗಂಗಾವತಿಗೆ ಹೋಗಿದ್ದೆ. ಅವ್ವ ಮದುವೆಗೆಂದು ಎರಡು ದಿನ ಯಲಬುರ್ಗಾ ಕಡೆ ಹೋಗಿದ್ದಳು. ಅವಳು ಬರೋದರೊಳಗೆ ಮನೆ ಹಸನು ಮಾಡಿ ಖುಷಿ ಪಡಿಸೋಣ ಅಂತ ನಾನೂ ತಮ್ಮನೂ ಅಟ್ಟ ಹತ್ತಿದೆವು. ರದ್ದಿ, ಕಬ್ಬಿಣ, ಮುರಿದ ಫ್ಯಾನು ಮೋಡಕಾದವನ ತಕ್ಕಡಿಗೆ ಹೋದವು. ಹಳೇ ಬಟ್ಟೆಗೆ ಪಾತ್ರೆ ಕೊಡುವವಳು ಓಣಿಯಲ್ಲಿ ಕೂಗುತ್ತಾ ಬಂದಳು. ಹುರಿಯಲ್ಲಿ ಬಿಗಿದ ಒಂದು ದೊಡ್ಡ ಸೀರೆ ಗಂಟು ಇತ್ತು. ಬಿಚ್ಚಿಯೂ ನೋಡಲಿಲ್ಲ, ಕೊಟ್ಟೆವು. ಒಂದು ಸ್ಟೀಲ್ ಬೋಗುಣಿ ಬಂತು.

ಅವ್ವ ಬಂದವಳು ಅಟ್ಟ ನೋಡಿ ಕೇಳಿದ್ದು ಒಂದೇ ಮಾತು. "ಗಂಟೆಲ್ಲಿ ಐತಿ?" ಅದು ನಮ್ಮ ಅಜ್ಜಿಯ ಹತ್ತಿ ಸೀರೆಗಳ ಗಂಟು. ನನ್ನ ಮಗಳಿಗೆ ಕೌದಿ ಹೊಲಿಸಬೇಕು ಅಂತ ನಾಲ್ಕು ವರ್ಷದಿಂದ ಕೂಡಿಸಿಟ್ಟಿದ್ದಳಂತೆ. ಹೊಲಿಯುವವಳಿಗೂ ಹೇಳಿ ಇಟ್ಟಿದ್ದಳು. "ಹೋಗ್ಲಿ ಬಿಡಪಾ, ನಿನಗೇನ್ ಗೊತ್ತು" ಅಂದಳು. ಆ ಬೋಗುಣಿಯನ್ನು ಇವತ್ತಿಗೂ ಬಳಸಿಲ್ಲ.

ಹೊರಗಿನವರಾದ ಒಬ್ಬ ಹೆಣ್ಣುಮಗಳು ಒಂದು ಖಾಲಿ ಬಾಟಲಿಗೆ ಕೊಟ್ಟ ಮರ್ಯಾದೆಯನ್ನು, ಹೊಟ್ಟೆಯಲ್ಲಿ ಹುಟ್ಟಿದ ನಾನು ಅವ್ವನ ಗಂಟಿಗೆ ಕೊಡಲಿಲ್ಲ. ಈ ಮಾತು ನನ್ನಂತೆ ಹೊರಗಿರುವ ಎಲ್ಲರಿಗೂ ಹೇಳಬೇಕು ಅನ್ನಿಸಿಯೇ ಇದನ್ನು ಬರೆಯುತ್ತಿದ್ದೇನೆ. ನಾವು ಹದಿನೈದು ದಿನಕ್ಕೆ ಬರುತ್ತೇವೆ. ಬಂದ ಮೂರನೇ ದಿನಕ್ಕೆ "ಇದೆಲ್ಲ ಯಾಕೆ ಇಟ್ಕೊಂಡಿದ್ದೀರಿ, ತೆಗೆದು ಹಾಕಿ" ಅಂತ ಶುರು ಮಾಡುತ್ತೇವೆ. ಸಾಮಾನು ಯಾರದೋ ಅವರೇ ತೀರ್ಮಾನ ಮಾಡಬೇಕು. ಆರ್ಗನೈಸರ್ ಕೆಲಸದ ಬೇರು ಇರೋದೇ ಅಲ್ಲಿ, ಉಳಿದದ್ದೆಲ್ಲ ಆಮೇಲಿನದು.

ಹಾಗಂತ ಅಲ್ಲಿಯ ಪದ್ಧತಿಯನ್ನು ಎತ್ತಿ ತಂದು ಇಲ್ಲಿ ಇಟ್ಟರೆ ಆಗಲ್ಲ. ನಮ್ಮಲ್ಲಿ ಮಹಾನವಮಿಗೆ ಮುಂಚೆ ಘಟ ಹಾಕೋದರೊಳಗೆ ಇಡೀ ಮನೆ ಅಂಗಳಕ್ಕೆ ಬರುತ್ತಿತ್ತು. ಕೌದಿ, ಚಾದರ ಎಲ್ಲ ಗಂಟು ಕಟ್ಟಿಕೊಂಡು ತುಂಗಭದ್ರಾ ಎಡದಂಡೆ ಕಾಲುವೆಗೆ ಹೋಗುತ್ತಿದ್ದೆವು. ಮೇಲಿನ ಹಲಗೆಯ ತಾಮ್ರ, ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಬಿಸಿಲಿಗಿಟ್ಟು, ಮತ್ತೆ ಅದೇ ಜಾಗಕ್ಕೆ ಏರಿಸುತ್ತಿದ್ದರು. ಹೊರಗೆ ಬಂದದ್ದೆಲ್ಲ ಒಳಗೆ ಹೋಗುತ್ತಿತ್ತು. ಆದರೂ ಮನೆ ತುಂಬುತ್ತಿರಲಿಲ್ಲ. ಯಾಕಂದರೆ ಸಾಮಾನಿಗೆ ಮುಂದಿನ ದಾರಿ ಇತ್ತು. ಸೀರೆ ಹಳತಾದರೆ ಕೌದಿ, ಕೌದಿ ಹರಿದರೆ ಬಂಡಿಯಲ್ಲಿ ಹಾಸೋಕೆ, ಅದೂ ಹೋದರೆ ಒರೆಸೋ ಅರಿವೆ. ಪಾತ್ರೆಗೆ ಕಲಾಯಿ, ತೂತು ಬಿದ್ದ ಕೊಡಕ್ಕೆ ಬೆಸುಗೆ. ಉಡಿ ತುಂಬಿದ ಜಂಪರ್ ಪೀಸು ಒಂದು ಮನೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ.

ಈಗ ಬರೋ ದಾರಿ ಅಗಲ ಆಗಿದೆ, ಹೋಗೋ ದಾರಿ ಮುಚ್ಚಿದೆ. ಪಾಲಿಯೆಸ್ಟರ್ ಸೀರೆಯ ಕೌದಿ ಮೈಗೆ ಹಿತ ಅಲ್ಲ. ಮಿಕ್ಸರ್ ಕೆಟ್ಟರೆ ಹೊಸದು ಬರುತ್ತೆ, ಹಳೇದು ಅಟ್ಟಕ್ಕೆ ಹೋಗುತ್ತೆ. ಆಯೇರಿಯಲ್ಲಿ ಬಂದ ಸ್ಟೀಲ್ ತಟ್ಟೆಗಳ ಅಂಚಿಗೆ ಕೊಟ್ಟವರ ಹೆಸರು, ತಾರೀಖು ಚುಕ್ಕಿ ಚುಕ್ಕಿಯಾಗಿ ಕೊರೆದಿರುತ್ತೆ. ಅದನ್ನು ಇನ್ನೊಬ್ಬರ ಮನೆಗೆ ಕೊಡೋದು ಹೇಗೆ? ಹಿಂದೆ ಮನೆಯಲ್ಲಿ ಕಾರ್ಯ ಆದರೆ ಅರವತ್ತು ತಟ್ಟೆ ಬೇಕಾಗುತ್ತಿದ್ದವು ಅನ್ನೋದು ನಿಜ. ಈಗ ಶಾಮಿಯಾನದವರೇ ಪಾತ್ರೆ ಪಡಗ ತಂದು ಒಯ್ಯುತ್ತಾರೆ.

ಅಮೆರಿಕದ ಕೆಲವು ಸೂತ್ರಗಳು ನಮ್ಮ ಮನೆಯಲ್ಲಿ ಕಾಲೂರುವುದೇ ಇಲ್ಲ. ಆರು ತಿಂಗಳು ಮುಟ್ಟದ ವಸ್ತು ಬಿಡಿ ಅನ್ನುತ್ತಾರೆ. ಅವ್ವನ ಹತ್ತಿರ ಒಂದು ದೊಡ್ಡ ಬಿದಿರು ಬುಟ್ಟಿ ಇದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿಂದ ರೊಟ್ಟಿ ಹೋಗುತ್ತವಲ್ಲ, ನಮ್ಮ ಓಣಿಯ ರೊಟ್ಟಿ ತುಂಬೋದು ಅದರಲ್ಲೇ. ವರ್ಷಕ್ಕೊಂದೇ ದಿನ. ಕಿನ್ನಾಳದ ಬಣ್ಣದ ಗೌರಿಯೂ ಹಾಗೆ. ಗೌರಿ ಹುಣ್ಣಿಮೆಗೆ ಬಿಟ್ಟರೆ ಪೆಟ್ಟಿಗೆಯಿಂದ ಹೊರಗೆ ಬರೋದಿಲ್ಲ. ಇನ್ನು ಕಾಗದದ ಮಾತು. ಅಲ್ಲಿ ತೆರಿಗೆ ಕಾಗದ ಸಾಮಾನ್ಯವಾಗಿ ಮೂರು ವರ್ಷ, ಕೆಲವನ್ನು ಏಳು ವರ್ಷ ಇಟ್ಟುಕೊಂಡರೆ ಸಾಕು. ನಮ್ಮ ಭಾಗಕ್ಕೆ ಆ ಲೆಕ್ಕ ಹಾಕಿದರೆ ಕೆಟ್ಟೆವು. ಅಪ್ಪನ ಟ್ರಂಕಿನಲ್ಲಿ ನಿಜಾಮರ ಕಾಲದ ಉರ್ದು ಹೊಲದ ಕಾಗದಗಳಿವೆ. "ತಾ: ಗಂಗಾವತಿ, ಜಿ: ರಾಯಚೂರು" ಅಂತ ಬರೆದ ಪತ್ರಗಳಿವೆ, 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆ ಆಗೋದಕ್ಕೆ ಮುಂಚಿನವು. ನಮ್ಮ ಭಾಗದವರಿಗೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಬಂದಮೇಲೆ ತಮ್ಮನಿಗೆ ಪ್ರಮಾಣಪತ್ರ ಮಾಡಿಸುವಾಗ ಬೇಕಾದ ಶಾಲೆಯ ಕಾಗದ ಸಿಕ್ಕಿದ್ದು ಆ ಟ್ರಂಕಿನಲ್ಲೇ.

ಮನೆ ಓರಣ ಮಾಡೋದರ ಬಗ್ಗೆ ಪುಸ್ತಕ ಬರೆದ ಜಪಾನಿನ ಮರಿ ಕೊಂಡೊ ಅವರು ಮನಸ್ಸಿಗೆ ಖುಷಿ ಕೊಡೋದನ್ನು ಮಾತ್ರ ಇಟ್ಟುಕೊಳ್ಳಿ ಅನ್ನುತ್ತಾರೆ, ನೆನಪಿನ ವಸ್ತುಗಳನ್ನು ಕೊನೆಗೆ ಕೈಗೆತ್ತಿಕೊಳ್ಳಿ ಅನ್ನುತ್ತಾರೆ. ಎರಡನೇ ಮಾತು ನನಗೆ ತುಂಬಾ ಹಿಡಿಸಿತು. ಮೊದಲನೇದು ಅವ್ವನ ಹತ್ತಿರ ನಡೆಯಲಿಲ್ಲ. ಹೋದ ವರ್ಷ ಡಿಸೆಂಬರ್‌ನಲ್ಲಿ ಅವಳ ಜೊತೆಗೇ ಕೂತೆ. ದಿನಾ ಬೆಳಿಗ್ಗೆ ಚಹಾ ಆದಮೇಲೆ ಎರಡೇ ಗಂಟೆ. ಪಡಸಾಲೆಯಲ್ಲಿ ಚಾಪೆ ಹಾಸಿ ಒಂದೊಂದೇ ವಸ್ತು ಅವಳ ಕೈಗೆ ಕೊಟ್ಟೆ. "ಇದು ಬೇಕಾ ಅವ್ವಾ?" ಅಂದರೆ ಪ್ರತಿ ಸಲವೂ "ಇರ್ಲಿ ಬಿಡಪಾ, ಬೇಕಾಗ್ತೈತಿ" ಅನ್ನೋಳು. ಎರಡು ದಿನ ಹಾಗೇ ಹೋಯಿತು. ಮೂರನೇ ದಿನ ಕೇಳೋ ಮಾತು ಬದಲಾಯಿಸಿದೆ. "ಇದನ್ನ ಯಾರಿಗೆ ಕೊಡೂಣವ್ವಾ?"

ಅವ್ವನ ಮುಖವೇ ಬೇರೆ ಆಯಿತು. ಅರವತ್ತು ತಟ್ಟೆಗಳಲ್ಲಿ ಹತ್ತು ಇಟ್ಟುಕೊಂಡು ಉಳಿದದ್ದು ಓಣಿಯ ಹನುಮಪ್ಪನ ಗುಡಿಗೆ. ಹೆಸರಿದ್ದರೆ ಇರಲಿ, ಗುಡಿಗೆ ಕೊಟ್ಟರೆ ಕೊಟ್ಟವರಿಗೂ ಪುಣ್ಯ ಅಂದಳು. ದೊಡ್ಡ ಪರಾತ ಎದುರುಮನೆಯ ಹೊಸ ಸೊಸೆಗೆ. ನಾಲ್ಕು ಚಾದರ ಮನೆಗೆಲಸಕ್ಕೆ ಬರೋ ಅಕ್ಕನಿಗೆ. ಕೆಟ್ಟ ಮಿಕ್ಸರ್‌ಗಳನ್ನು ಅವಳೇ "ಮೋಡಕಾಕ್ಕ ಹಾಕು" ಅಂದಳು. ಅವಳ ಲೆಕ್ಕದಲ್ಲಿ ಅಲ್ಲಿ ಯಾವುದೂ ಕಸ ಆಗಿರಲಿಲ್ಲ. ತಗೊಳ್ಳೋ ಕೈ ಸಿಕ್ಕಿರಲಿಲ್ಲ, ಅಷ್ಟೇ.

ಬೆಂಗಳೂರು, ಮುಂಬೈಗಳಲ್ಲಿ ಈಗ ಆರ್ಗನೈಸರ್‌ಗಳು ಸಿಗುತ್ತಾರೆ. ಕೊಪ್ಪಳ, ಗಂಗಾವತಿಯಂಥ ಊರುಗಳಿಗೂ ಈ ಕೆಲಸ ಬರಲಿ ಅಂತ ನನ್ನಾಸೆ. ಮಕ್ಕಳೆಲ್ಲ ಹೊರಗಿದ್ದು ದೊಡ್ಡ ಮನೆಯಲ್ಲಿ ಒಬ್ಬರೋ ಇಬ್ಬರೋ ವಯಸ್ಸಾದವರು ಇರೋ ಮನೆ ನಮ್ಮ ಓಣಿಯಲ್ಲೇ ಐದಿವೆ. 74 ವರ್ಷದ ಅವ್ವ ಅಟ್ಟದ ಮೇಲಿನ ಡಬ್ಬಿಗೆಂದು ಸ್ಟೂಲು ಹತ್ತುತ್ತಾಳೆ. ರಾತ್ರಿ ಬಚ್ಚಲಿಗೆ ಹೋಗೋ ದಾರಿಯಲ್ಲಿ ಅಕ್ಕಿ ಚೀಲ, ಖಾಲಿ ಕ್ಯಾನು. ಡಲ್ಲಾಸ್‌ನಲ್ಲಿ ಮಲಗಿದ್ದರೂ ಅದು ನನ್ನ ಕಣ್ಣಿಗೆ ಕಟ್ಟುತ್ತಿತ್ತು. ಎಡವಿ ಬಿದ್ದು ಸೊಂಟ ಮುರಿದುಕೊಂಡರೆ ಯಾರು ಬರಬೇಕು?

ಈ ಕೆಲಸಕ್ಕೆ ಮನೆಯವರಿಗಿಂತ ಹೊರಗಿನವರೇ ಒಳ್ಳೇದು ಅನ್ನೋದು ನನ್ನ ಗಟ್ಟಿ ನಂಬಿಕೆ. ಸೊಸೆ ಕೈಯಲ್ಲಿ ಹಂಡೆ ಹಿಡಿದರೆ ಮಗಳಿಗೆ ಅದು ಪಾಲಿನ ಮಾತಾಗಿ ಕೇಳುತ್ತೆ. ಹೊರಗಿನವರಿಗೆ ಪಾಲಿಲ್ಲ. ಆದರೆ ಬಾಯಿ ಗಟ್ಟಿ ಇರಬೇಕು. ಇನ್ನೊಬ್ಬರ ಮನೆಯಲ್ಲಿ ಕಂಡದ್ದನ್ನು ಹೊರಗೆ ಹೇಳಬಾರದು ಅನ್ನೋದು ಅಮೆರಿಕದ ಸಂಘದ ನಿಯಮಗಳಲ್ಲೇ ಇದೆ. ನಮ್ಮ ಓಣಿಗಳಿಗೆ ಆ ನಿಯಮ ಇನ್ನೂ ಜಾಸ್ತಿ ಬೇಕು, ಅಲ್ವಾ? ತಾಳ್ಮೆ ಇರೋ, ಊರಿನ ರೀತಿ ರಿವಾಜು ಗೊತ್ತಿರೋ ಹೆಣ್ಣುಮಕ್ಕಳಿಗೆ ಇದು ಒಳ್ಳೇ ದುಡಿಮೆ ಆಗಬಹುದು. ಕೌದಿ ಹೊಲಿಯೋರು, ಕಲಾಯಿಯವರು, ಗುಡಿ, ಹಾಸ್ಟೆಲ್, ಮೋಡಕಾ ಅಂಗಡಿ, ಯಾವ ವಸ್ತು ಎಲ್ಲಿಗೆ ಹೋಗಬೇಕು ಅನ್ನೋದು ಅವರಿಗೆ ಗೊತ್ತಿದ್ದರೆ ಅರ್ಧ ಕೆಲಸ ಆದಂತೆಯೇ.

ನಾವು ಒಂಬತ್ತು ದಿನ ಕೂತೆವು. ಅಟ್ಟದಲ್ಲಿ ಈಗ ಬುಟ್ಟಿ, ಗೌರಿ ಪೆಟ್ಟಿಗೆ, ಎರಡು ಹಂಡೆ ಇವೆ. ಅವ್ವ ದಿನಾ ಬಳಸೋ ಡಬ್ಬಿಗಳೆಲ್ಲ ಕೈಗೆಟುಕೋ ಹಲಗೆಗೆ ಇಳಿದಿವೆ. ಬಚ್ಚಲ ದಾರಿ ಖಾಲಿ ಇದೆ. ಅಪ್ಪನ ಟ್ರಂಕನ್ನು ಮಾತ್ರ ಮುಟ್ಟಲಿಲ್ಲ. ಬೀಗದ ಕೈ ಅವಳ ಸೆರಗಿನಲ್ಲೇ ಇದೆ. "ಮಹಾನವಮಿಗೆ ಬಾ, ಇಬ್ರೂ ಕೂತು ತೆಗಿಯೂಣು" ಅಂದಿದ್ದಾಳೆ. ಟಿಕೆಟ್ ಮಾಡಿಸಿದ್ದೇನೆ.